ಹೆಸರು ಬಾಟಲಿಗೆ, ಕೆಲಸ ಮೈಯದ್ದು

ಸೊಂಟದವರೆಗೆ ಕೂದಲು ಇಳಿಬಿಟ್ಟ ಹೆಂಗಸು, ಕೈಯಲ್ಲಿ ಎಣ್ಣೆ ಬಾಟಲಿ, ‘108 ಗಿಡಮೂಲಿಕೆ ಸಾ’ ಎಂಬ ಮಾತು. ಪಾಂಡವಪುರದಲ್ಲಿ ಮೊಬೈಲ್ ತೆರೆದರೂ ಇದೇ, ಕೆ.ಆರ್. ಪೇಟೆಯಲ್ಲಿ ತೆರೆದರೂ ಇದೇ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಈಗ ದೇಶವೆಲ್ಲ ಸುತ್ತುತ್ತಿದೆ. ‘ಆದಿವಾಸಿ’ ಹೆಸರು ಹೊತ್ತ ಬಾಟಲಿಗಳಂತೂ ಹತ್ತಾರು ಬಗೆ.

ಕಲ್ಪನೆ: ಅಷ್ಟುದ್ದ ಕೂದಲಿರುವವರ ಎಣ್ಣೆ ಬೋಳು ನೆತ್ತಿಯಲ್ಲೂ ಕೂದಲು ತರಿಸುತ್ತದೆ.
ಉದ್ದ ಬೇರೆ, ಬೋಳು ಬೇರೆ. ಒಂದು ಕೂದಲು ಎಷ್ಟು ವರ್ಷ ಬೆಳೆಯುತ್ತಲೇ ಇರುತ್ತದೆ ಎಂಬುದು ಉದ್ದವನ್ನು ತೀರ್ಮಾನಿಸುತ್ತದೆ. ಅದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಗಂಡಸರ ನೆತ್ತಿ ಖಾಲಿಯಾಗುವುದು ಹೆಚ್ಚಾಗಿ ಹಾರ್ಮೋನು ಮತ್ತು ವಂಶದಿಂದ. ಕೊಳ್ಳುವವನು ಬೋಳಾಗುತ್ತಿರುವ ಗಂಡಸು, ಚಿತ್ರದಲ್ಲಿರುವುದು ಬೋಳಿನ ಗೊಡವೆಯೇ ಇಲ್ಲದ ಹೆಂಗಸು!

ಕಲ್ಪನೆ: ನಮ್ಮ ಅತ್ತಿಗೆಗೆ ಬಂತಲ್ಲ?
ಬಂದಿರಬಹುದು, ಸುಳ್ಳಲ್ಲ. ಡೆಂಗಿ, ಟೈಫಾಯ್ಡ್, ಹೆರಿಗೆಯಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟೊಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ಉದುರುವುದು ಮಾತ್ರ ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಜ್ವರ ಮರೆತೇಹೋಗಿರುತ್ತದೆ. ಬಾಚಣಿಗೆ ತುಂಬ ಕೂದಲು ಕಂಡು ದಿಗಿಲುಬಿದ್ದ ದಿನವೇ ಎಣ್ಣೆ ತರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ನಿಂತು ಹೊಸ ಕೂದಲು ಏಳುತ್ತದೆ. ಮನೆಯ ಕೊಬ್ಬರಿ ಎಣ್ಣೆ ಹಚ್ಚಿದ್ದರೂ ಬರುತ್ತಿತ್ತು, ಏನೂ ಹಚ್ಚದಿದ್ದರೂ ಬರುತ್ತಿತ್ತು. ಹೆಸರು ಮಾತ್ರ ಬಾಟಲಿಗೆ. ಮಾರುವವರು ತೋರಿಸುವ ಪ್ರಾಮಾಣಿಕ ಸಾಕ್ಷಿಗಳಲ್ಲಿ ಇಂಥವರೇ ಹೆಚ್ಚೆಂದು ನನ್ನ ಗುಮಾನಿ.

ಕಲ್ಪನೆ: ನಾಗಮಂಗಲ ಕಡೆಯ ಬೋರ್‌ವೆಲ್ ನೀರೇ ಕಾರಣ, ಫಿಲ್ಟರ್ ಹಾಕಿಸಿದರೆ ಸರಿಹೋಗುತ್ತದೆ.
ಗಡಸು ನೀರು ಕೂದಲನ್ನು ಒರಟು ಮಾಡೀತು, ಬುಡವನ್ನು ಸಾಯಿಸದು. ಸುತ್ತಲೂ ಕಾವೇರಿ ಹರಿಯುವ ಶ್ರೀರಂಗಪಟ್ಟಣದಲ್ಲೂ ಬೊಕ್ಕತಲೆಗಳಿಗೆ ಬರವಿಲ್ಲ.

ಕಲ್ಪನೆ: ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ.
ಕತ್ತಿ ಚರ್ಮದೊಳಗಿನ ಬುಡವನ್ನು ಮುಟ್ಟುವುದಿಲ್ಲ. ಮೊಂಡು ತುದಿ ಕೈಗೆ ದಪ್ಪ ಅನ್ನಿಸುತ್ತದೆ, ಅಷ್ಟೇ.

ಕಲ್ಪನೆ: ಸಿನಿಮಾದವರೇ ಹೇಳಿದ ಮೇಲೆ, ಸರ್ಕಾರ ಸುಮ್ಮನಿದ್ದ ಮೇಲೆ, ನಿಜವೇ ಇರಬೇಕು.
ಯಾವ ಔಷಧವೂ ವಾಸಿಮಾಡುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯೊಂದು 1945ರ ಔಷಧ ನಿಯಮಗಳಲ್ಲಿದೆ: ‘ಜೆ’ ಅನುಸೂಚಿ. ಬೊಕ್ಕತಲೆಯೂ, ಹೊಸ ಕೂದಲು ಬೆಳೆಸುವುದೂ ಅದರಲ್ಲಿವೆ. ಇನ್ನು ಸಿನಿಮಾದವರು. ಮಲಯಾಳಂ ನಟ ಅನೂಪ್ ಮೆನನ್ ಹೇರ್ ಕ್ರೀಮ್ ಒಂದರ ಜಾಹೀರಾತಿನಲ್ಲಿದ್ದರು. ತಾವು ಹಚ್ಚುವುದು ಅಮ್ಮ ಕಾಯಿಸಿಕೊಟ್ಟ ಎಣ್ಣೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು! 2020ರ ಕೊನೆಗೆ ತ್ರಿಶೂರಿನ ಗ್ರಾಹಕರ ವೇದಿಕೆ ನಟನಿಗೂ ಕಂಪನಿಗೂ ತಲಾ 10,000 ರೂಪಾಯಿ ತೆರಲು ಹೇಳಿತು.

ಕಲ್ಪನೆ: ಹಾಗಾದರೆ ಮದ್ದೇ ಇಲ್ಲ.
ಇದೆ. ಮಿನಾಕ್ಸಿಡಿಲ್ ಎಷ್ಟೋ ಜನಕ್ಕೆ ಕೆಲಸ ಮಾಡುತ್ತದೆ, ಆದರೆ ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ರಕ್ತಹೀನತೆಯೋ ಥೈರಾಯ್ಡೋ ಇದ್ದರೆ ದಾರಿಯೇ ಬೇರೆ. ಅದನ್ನು ಹೇಳಬೇಕಾದವರು ಚರ್ಮರೋಗ ವೈದ್ಯರು; ಮಂಡ್ಯದ ಮಿಮ್ಸ್ ಇದೆ, ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಬಾಟಲಿಗೆ ಆಗಲೇ ದುಡ್ಡು ಕೊಟ್ಟಾಗಿದ್ದರೆ ಬಿಲ್ಲನ್ನೂ ಜಾಹೀರಾತಿನ ಸ್ಕ್ರೀನ್‌ಶಾಟನ್ನೂ ಎತ್ತಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.