ಕಾಮಾಲೆಗೆ ನೆಲನೆಲ್ಲಿ ಮದ್ದೆ?

ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾ ಗ್ರಾಮವನ್ನು ಹೊರಗಿನವರು ಬಲ್ಲುದು ಅಲ್ಲಿನ ವಿಮಾನ ನಿಲ್ದಾಣದಿಂದ. ಆದರೆ ಮುಂಗಾರು ಹಿಡಿದೊಡನೆ ಅಲ್ಲಿನ ಹೊಲದ ಬದುಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ತಾನಾಗಿ ತಲೆಯೆತ್ತುವ ಒಂದು ಸಣ್ಣ ಗಿಡದ ಕಥೆ ನಮ್ಮ ಗಮನಕ್ಕೆ ಯೋಗ್ಯವಾದುದು. ಅದೇ ನೆಲನೆಲ್ಲಿ. ಖಾನಾಪುರದ ಕಾಡಂಚಿನವರೆಗೂ ಇದು ಕಳೆಯಂತೆ ಬೆಳೆಯುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಭೂಮ್ಯಾಮಲಕೀ ಎಂದು ಹೆಸರು; ಸಸ್ಯಶಾಸ್ತ್ರಜ್ಞರು ಇದನ್ನು ಫಿಲ್ಯಾಂಥಸ್ ಅಮಾರಸ್ ಎನ್ನುತ್ತಾರೆ.

ಗಿಡ ಮೊಳಕಾಲೆತ್ತರವನ್ನೂ ಮುಟ್ಟುವುದು ಅಪರೂಪ. ಹುಣಿಸೆಯ ಎಲೆಯನ್ನು ಹೋಲುವ ಸಣ್ಣ ಎಲೆಗಳು ಎರಡು ಸಾಲುಗಳಲ್ಲಿ ಜೋಡಿಸಿಕೊಂಡಿರುತ್ತವೆ. ಕಡ್ಡಿಯನ್ನು ಮಗುಚಿ ನೋಡಿದರೆ ಸಾಸಿವೆಗಿಂತ ಕೊಂಚ ದೊಡ್ಡದಾದ ಹಸಿರು ಕಾಯಿಗಳು ತೂಗುತ್ತಿರುವುದು ಕಾಣುತ್ತದೆ. ನೆಲ್ಲಿಯ ಮರವೂ ಈ ಗಿಡವೂ ಒಂದೇ ಕುಲಕ್ಕೆ ಸೇರಿದವು. ಹೆಸರಿಟ್ಟ ನಮ್ಮ ಹಿರಿಯರ ಕಣ್ಣು ಸೂಕ್ಷ್ಮವಾಗಿತ್ತು.

ಕಾಮಾಲೆಯಾದವರಿಗೆ ಈ ಗಿಡವನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಅಥವಾ ಹಾಲಿನಲ್ಲಿ ಕದಡಿ, ಬರಿಯ ಹೊಟ್ಟೆಯಲ್ಲಿ ಕುಡಿಸುವ ವಾಡಿಕೆ ನಾಡಿನ ಉದ್ದಗಲಕ್ಕೂ ಉಂಟು. ಕುಡಿದ ಅನೇಕರು ಗುಣಹೊಂದುವುದೂ ನಿಜ. ಹಾಗಾದರೆ ಮದ್ದು ಫಲಿಸಿತೆಂದು ಹೇಳಬಹುದೆ?

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಾಮಾಲೆಯೆಂಬುದು ಒಂದು ರೋಗವಲ್ಲ, ಹಲವು ರೋಗಗಳ ಚಿಹ್ನೆ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಿದಾಗ ಕಣ್ಣು, ಚರ್ಮಗಳು ಹಳದಿಯಾಗುತ್ತವೆ. ಕೊಳಕು ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳಿಂದ ಬಂದ ಕಾಮಾಲೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಯಾವ ಮದ್ದು ಕೊಟ್ಟಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಮದ್ದು ಕುಡಿದವರನ್ನೂ ಕುಡಿಯದವರನ್ನೂ ಹೋಲಿಸಿ ನೋಡಿದ ಹೊರತು ಸತ್ಯ ತಿಳಿಯದು.

ಅಂತಹ ಪರೀಕ್ಷೆ ನಡೆದದ್ದು ಹೆಪಟೈಟಿಸ್ ಬಿ ವೈರಸ್ಸಿನ ವಿಷಯದಲ್ಲಿ. ಇದು ರಕ್ತದ ಮೂಲಕ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಕಾಲದಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಕೆಲವರ ಯಕೃತ್ತಿನಲ್ಲಿ ಜೀವಮಾನವೆಲ್ಲ ನೆಲೆಸಿ, ಕಡೆಗೆ ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಈ ವೈರಸ್ಸನ್ನು ಕಂಡುಹಿಡಿದುದಕ್ಕಾಗಿ 1976ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಬರೂಕ್ ಬ್ಲೂಂಬರ್ಗ್ ಅವರೂ ಅವರ ಸಹೋದ್ಯೋಗಿಗಳೂ ನಮ್ಮ ಈ ಗಿಡದ ಸಾರವನ್ನು ಪರೀಕ್ಷಿಸಿದರು. ಪ್ರನಾಳದಲ್ಲಿ ಅದು ವೈರಸ್ಸಿನ ಒಂದು ಕಿಣ್ವವನ್ನು ತಡೆಯಿತೆಂದು 1987ರಲ್ಲಿ ವರದಿ ಮಾಡಿದರು.

ಮರುವರ್ಷವೇ ಮದರಾಸಿನಿಂದ ಇನ್ನೂ ದೊಡ್ಡ ಸುದ್ದಿ ಬಂದಿತು. ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ವೈರಸ್ಸನ್ನು ಹೊತ್ತಿದ್ದ ಕೆಲವರಿಗೆ ಒಣಗಿಸಿದ ನೆಲನೆಲ್ಲಿಯ ಪುಡಿಯನ್ನೂ, ಉಳಿದವರಿಗೆ ಔಷಧಗುಣವಿಲ್ಲದ ಹುಸಿಮದ್ದನ್ನೂ 30 ದಿನ ಕೊಟ್ಟರು. ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಗಿತ್ತು. ಹುಸಿಮದ್ದು ತಿಂದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು.

ಆದರೆ ವಿಜ್ಞಾನದಲ್ಲಿ ಒಮ್ಮೆ ಗೆದ್ದರೆ ಸಾಲದು. ಥೈಲೆಂಡಿನ ವೈದ್ಯರು 1990ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಂತಹ ಫಲ ಕಾಣಲಿಲ್ಲ. 1994ರಲ್ಲಿ ನ್ಯೂಜಿಲೆಂಡಿನಿಂದಲೂ ಅದೇ ಮಾತು ಬಂದಿತು. 2011ರಲ್ಲಿ ಕಾಕ್ರೇನ್ ಸಂಸ್ಥೆಯವರು 16 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿ, ಹುಸಿಮದ್ದಿಗಿಂತ ಈ ಗಿಡ ಮೇಲೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂದು ತೀರ್ಮಾನಿಸಿದರು.

ಈ ವ್ಯತ್ಯಾಸಕ್ಕೆ ಗಿಡದ ಗುರುತಿನ ಗೊಂದಲವೂ ಒಂದು ಕಾರಣವಿರಬಹುದು. ನೆಲನೆಲ್ಲಿಯೆಂದೇ ಕರೆಯಿಸಿಕೊಳ್ಳುವ, ನೋಟಕ್ಕೆ ಒಂದೇ ಬಗೆಯ ಹಲವು ಜಾತಿಗಳು ನಮ್ಮ ಹೊಲಗಳಲ್ಲಿವೆ. ಅವುಗಳಲ್ಲಿರುವ ಫಿಲ್ಯಾಂಥಿನ್ ಮುಂತಾದ ವಸ್ತುಗಳ ಪ್ರಮಾಣ ಜಾತಿಯಿಂದ ಜಾತಿಗೆ, ನೆಲದಿಂದ ನೆಲಕ್ಕೆ ಬೇರೆ. ಬೆಳಗಾವಿಯಲ್ಲಿಯೇ 2006ರಲ್ಲಿ ಆರಂಭವಾಗಿ ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆಂದು ಹೆಸರಾಗಿರುವ ಸಂಶೋಧನಾಲಯದ ಕಾರ್ಯಕ್ಷೇತ್ರವೇ ಇಂತಹ ನಾಟಿ ಮದ್ದುಗಳ ಶೋಧನೆ.

ಪರೀಕ್ಷೆ ಮುಗಿಯುವವರೆಗೆ ನಾವು ಮಾಡತಕ್ಕುದೇನು? ಕಣ್ಣು ಹಳದಿಯಾದೊಡನೆ ರಕ್ತಪರೀಕ್ಷೆ ಮಾಡಿಸಬೇಕು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಮಜ್ಜಿಗೆಯ ಮದ್ದಿಗಾಗಿ ಕಳೆದ ವಾರಗಳು ಪ್ರಾಣಕ್ಕೆ ಎರವಾಗಬಹುದು. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಮಾರಕವಾಗುವ ಭಯವುಂಟು. ಅವರ ವಿಷಯದಲ್ಲಿ ಒಂದು ದಿನವೂ ತಡಮಾಡಲಾಗದು. ಹೆಪಟೈಟಿಸ್ ಬಿ ತಡೆಯಲು ಸಮರ್ಥವಾದ ಲಸಿಕೆಯಿದೆ. ಮಗು ಹುಟ್ಟಿದ 24 ಗಂಟೆಗಳೊಳಗೆ ಅದರ ಮೊದಲ ಚುಚ್ಚುಮದ್ದು ಬೀಳಬೇಕು.

ಆ ಲಸಿಕೆಯನ್ನು ತಯಾರಿಸುವ ವಿಧಾನವನ್ನು 1969ರಲ್ಲಿ ರೂಪಿಸಿದವರು ಬ್ಲೂಂಬರ್ಗ್ ಮತ್ತು ಇರ್ವಿಂಗ್ ಮಿಲ್‌ಮನ್. ಬಳಿಕ ನೆಲನೆಲ್ಲಿಯನ್ನು ಆದರದಿಂದ ಪರೀಕ್ಷೆಗೊಡ್ಡಿದವರಲ್ಲಿ ಇವರಿಬ್ಬರೂ ಇದ್ದರು. ಲಸಿಕೆ ಪರೀಕ್ಷೆಯಲ್ಲಿ ಗೆದ್ದಿತು. ಗಿಡ ಇನ್ನೂ ಗೆಲ್ಲಬೇಕಾಗಿದೆ. ಎರಡನ್ನೂ ಅವರು ಒಂದೇ ತಕ್ಕಡಿಯಲ್ಲಿ ತೂಗಿದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.