ತೋಟದ ಮೇಲೆ ಹೈಟೆನ್ಷನ್ ಲೈನ್? ಸಹಿಗೆ ಮುಂಚೆ ಇದನ್ನ ಕೇಳಿ

ಬೆಳಗ್ಗೆ ತೋಟಕ್ಕೆ ಹೋದ್ರೆ ತೆಂಗಿನ ಮರದ ಮೇಲೆ ಕೆಂಪು ಬಣ್ಣದ ನಂಬರ್. ಪಕ್ಕದಲ್ಲೊಂದು ಗೂಟ. "ಯಜಮಾನ್ರೇ, ಟವರ್ ಬರುತ್ತೆ, ಇಲ್ಲೊಂದು ಸಹಿ ಹಾಕಿ."

ತಡೀರಿ.

ಇದು ಭೂಸ್ವಾಧೀನ ಅಲ್ಲ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತೆ. ಆದ್ರೆ 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಅಡಿ ಲೈನ್ ಎಳೆಯೋ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಕ್ಕಿರಬಹುದು. ಆ ಆದೇಶದ ಪ್ರತಿ ಕೇಳಿ. ಅದಿದ್ರೆ ಬರೀ "ಬೇಡ" ಅಂದ್ರೆ ನಡೆಯಲ್ಲ; "ಎಲ್ಲಿ, ಎಷ್ಟು" ಅನ್ನೋದರಲ್ಲೇ ನಿಮ್ಮ ಬಲ.

ಈಗ ದುಡ್ಡು. 66 ಕೆವಿ ಮತ್ತು ಮೇಲಿನ ಲೈನ್‌ಗಳಿಗೆ ಕೇಂದ್ರದ ಜೂನ್ 2024ರ ಮಾರ್ಗಸೂಚಿ ಹೇಳೋದು: ಟವರ್ ಜಾಗಕ್ಕೆ ಜಮೀನಿನ ಬೆಲೆಯ ಶೇ. 200, ತಂತಿ ಕೆಳಗಿನ ಪಟ್ಟಿಗೆ ಶೇ. 30. 2015ರಲ್ಲಿ ಇದೇ ಶೇ. 85 ಮತ್ತು ಹೆಚ್ಚೆಂದರೆ 15 ಇತ್ತು! ನಿಮ್ಮ ಲೈನ್‌ಗೆ ರಾಜ್ಯದ ಯಾವ ಆದೇಶ ಅನ್ವಯ ಅಂತ ಡಿಸಿ ಕಚೇರಿಯಲ್ಲಿ ಕೇಳಿ.

ಟೇಪ್ ನೀವೇ ಹಿಡೀರಿ. ಟವರ್ ಜಾಗ ಅಂದ್ರೆ ನಾಲ್ಕು ಕಾಂಕ್ರೀಟ್ ಗುಂಡಿ ಅಲ್ಲ. ಕಾಲುಗಳ ನಡುವಿನ ಪೂರ್ತಿ ಚೌಕ, ಜೊತೆಗೆ ಪ್ರತಿ ಬದಿಗೆ ಒಂದು ಮೀಟರ್. ಇಲ್ಲೇ ರೈತರು ಸೋಲೋದು.

ಮರ, ಬೆಳೆಯ ಪರಿಹಾರ ಬೇರೆ. ಕಡಿಯೋ ಮುಂಚೆ ಫೋಟೋ, ಮಹಜರು. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ.

ಮೊತ್ತ ಸಾಲದಿದ್ರೆ? ಟೆಲಿಗ್ರಾಫ್ ಕಾಯ್ದೆಯ 16(3) ಅಡಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು, ಲೈನ್ ಎಳೆದಾದ ಮೇಲೂ.