ಹಳೇ ಸ್ಪೋರ್ಟ್ಸ್ ಕಾರು ಕಡಿಮೆ ಓಡಿದ್ದರೆ ಎಂಜಿನ್ ಗಟ್ಟಿ ಇದೆ ಎಂದರ್ಥವೇ?

ಹಳೇ ಪೋರ್ಷೆ ಕಾರುಗಳ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಫೋನಿಂದ ಫೋನಿಗೆ ಓಡಾಡುತ್ತವೆ. ಅಮೆರಿಕದಲ್ಲಿ ನಮ್ಮ ಕ್ರೆಟಾ ಬೆಲೆಗೆ ಪೋರ್ಷೆ ಸಿಗುತ್ತದೆ, ಇಪ್ಪತ್ತು ವರ್ಷ ಹಳೆಯದಾದರೂ ಓಡಿರುವುದು ಕಡಿಮೆ, ಹಾಗಾಗಿ ಎಂಜಿನ್ ಚಿಂತೆಯೇ ಇಲ್ಲ ಎನ್ನುತ್ತದೆ ಒಂದು. ಆ ಎಂಜಿನ್ ಟೈಂ ಬಾಂಬ್ ಇದ್ದಂತೆ, ಹತ್ತಿರ ಹೋಗಬೇಡಿ ಎಂದು ಹೆದರಿಸುತ್ತದೆ ಇನ್ನೊಂದು. ಅಲ್ಲಿರುವ ನಿಮ್ಮ ಅಣ್ಣನೋ ಭಾವನೋ ಇಂಥ ಕಾರು ಕೊಳ್ಳುವ ಯೋಚನೆಯಲ್ಲಿದ್ದರೆ ಇವೆರಡರಲ್ಲಿ ಯಾವುದನ್ನು ಕಳಿಸಬೇಕು? ಯಾವುದನ್ನೂ ಬೇಡ. ಎರಡೂ ಅರ್ಧ ಸತ್ಯ. ಜೇಬಿಗೆ ಹೆಚ್ಚು ಅಪಾಯ ಮೊದಲನೆಯದರಿಂದ ಎನ್ನುವುದು ನಮ್ಮ ಅನಿಸಿಕೆ.

ಬೆಲೆ ಇಷ್ಟು ಇಳಿದಿರುವುದು ಎಲ್ಲ ಪೋರ್ಷೆಗಳದ್ದಲ್ಲ. 1990ರ ದಶಕದ ಕೊನೆಯಲ್ಲಿ ಕಂಪನಿ ಬಾಕ್ಸ್‌ಟರ್ ಎಂಬ ಹೊಸ ಕಾರನ್ನೂ, 996 ಎಂದು ಕರೆಯುವ ಹೊಸ ತಲೆಮಾರಿನ 911 ಕಾರನ್ನೂ ತಂದಿತು. ಅಲ್ಲಿಯವರೆಗೆ ಗಾಳಿಯಿಂದ ತಣಿಯುತ್ತಿದ್ದ 911ರ ಎಂಜಿನ್ ಆಗ ನೀರಿನಿಂದ ತಣಿಯುವ ಎಂಜಿನ್ ಆಯಿತು. ಎಂ96 ಎಂಬ ಈ ಎಂಜಿನ್ನಿನಲ್ಲಿ ಆರು ಸಿಲಿಂಡರ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರು ಮಲಗಿರುತ್ತವೆ. ಮಧ್ಯದ ಕ್ರ್ಯಾಂಕ್‌ಶಾಫ್ಟ್ ಮೊದಲು ಇನ್ನೊಂದು ಶಾಫ್ಟನ್ನು ತಿರುಗಿಸುತ್ತದೆ. ಅದು ಚೈನ್‌ಗಳ ಮೂಲಕ ಎರಡೂ ಬದಿಯ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ. ಈ ನಡುವಿನ ಶಾಫ್ಟಿನ ಒಂದು ತುದಿ ಕೂತಿರುವುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬಾಲ್ ಬೇರಿಂಗ್ ಮೇಲೆ. ಫಾರ್ವರ್ಡ್‌ಗಳಲ್ಲಿ ಕಾಣುವ ‘ಐಎಂಎಸ್ ಬೇರಿಂಗ್’ ಇದೇ.

ಎಂಜಿನ್ ಒಳಗಿನ ಹೆಚ್ಚಿನ ಬೇರಿಂಗ್‌ಗಳಿಗೆ ಒತ್ತಡದಲ್ಲಿ ಹೊಸ ಆಯಿಲ್ ಹರಿದು ಬರುತ್ತಲೇ ಇರುತ್ತದೆ. ಇದಕ್ಕೆ ಆ ಭಾಗ್ಯವಿಲ್ಲ. ಗ್ರೀಸ್ ತುಂಬಿ, ಎರಡೂ ಕಡೆ ಸೀಲ್ ಹಾಕಿ ಕೂರಿಸಿದ್ದಾರೆ. ವರ್ಷಗಳು ಕಳೆದಂತೆ ಬಿಸಿಗೆ ಸೀಲ್ ಗಟ್ಟಿಯಾಗುತ್ತದೆ, ಸಂದಿಯಿಂದ ಆಯಿಲ್ ಒಳಗೆ ಜಿನುಗುತ್ತದೆ, ಗ್ರೀಸ್ ತೊಳೆದು ಹೋಗುತ್ತದೆ. ಒಳಹೊಕ್ಕ ಆಯಿಲ್ ಸರಿಯಾಗಿ ಹೊರಬಂದು ಬದಲಾಗುವುದೂ ಇಲ್ಲ. ಕೊನೆಗೆ ಬೇರಿಂಗ್ ಸವೆದು ಪುಡಿಯಾದರೆ ಶಾಫ್ಟ್ ಅಲುಗಾಡುತ್ತದೆ, ಚೈನ್ ಹಲ್ಲು ತಪ್ಪುತ್ತದೆ, ವಾಲ್ವ್‌ಗಳು ಪಿಸ್ಟನ್‌ಗೆ ಹೊಡೆಯುತ್ತವೆ. ಲೋಹದ ಪುಡಿ ಆಯಿಲ್ ಜೊತೆ ಎಂಜಿನ್ ತುಂಬಾ ಹರಡುತ್ತದೆ. ಎಂಜಿನ್ ಬದಲಿಸುವ ಖರ್ಚು ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಹಳೇ ಬಾಕ್ಸ್‌ಟರ್ ಆದರೆ ಕೆಲವೊಮ್ಮೆ ಕಾರಿನ ಬೆಲೆಯೇ ಅಷ್ಟಿರುವುದಿಲ್ಲ.

ಹಾಗಾದರೆ ಕಡಿಮೆ ಓಡಿದ್ದರೆ ಒಳ್ಳೆಯದೇ ಅಲ್ಲವೇ? ಇಲ್ಲೇ ಎಲ್ಲರೂ ಎಡವುವುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬೆಳಗಿನ ಹೊತ್ತು ಸೈಲೆನ್ಸರ್ ತುದಿಯಿಂದ ಹನಿ ತೊಟ್ಟಿಕ್ಕುವುದನ್ನು ನೀವು ನೋಡಿರುತ್ತೀರಿ, ಅದೇ ನೀರು. ಬಹುಪಾಲು ಹೊಗೆಯ ಜೊತೆ ಹೊರಗೆ ಹೋದರೂ ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲೂ ಸೇರುತ್ತದೆ. ಅರ್ಧ ಗಂಟೆ ಚೆನ್ನಾಗಿ ಓಡಿಸಿ ಆಯಿಲ್ ಬಿಸಿಯಾದರೆ ಇದೆಲ್ಲ ಆವಿಯಾಗಿ ಹೋಗುತ್ತದೆ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಹೋಗುವುದಿಲ್ಲ, ಏಕೆಂದರೆ ಮೀಟರಿನಲ್ಲಿ ನೀರಿನ ಮುಳ್ಳು ಮೇಲೇರಿದ ಎಷ್ಟೋ ಹೊತ್ತಿನ ನಂತರ ಆಯಿಲ್ ಬಿಸಿಯಾಗುತ್ತದೆ. ಹೀಗೆ ಕೆಟ್ಟ ಆಯಿಲ್, ಕಾರು ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಾಗಲೂ ಬೇರಿಂಗಿನೊಳಗೆ ಕೂತೇ ಇರುತ್ತದೆ.

ಡಾಕ್ಟರ್ ಕಾರು, ಮನೆಯಿಂದ ಕ್ಲಿನಿಕ್‌ಗೆ ಮಾತ್ರ ಓಡಿದೆ ಎಂದು ನಮ್ಮಲ್ಲಿ ದಲ್ಲಾಳಿಗಳು ಹೊಗಳುವುದನ್ನು ಕೇಳಿರುತ್ತೀರಿ. ಎಂಜಿನ್ ಆಯಿಲ್‌ಗೆ ಎಲ್ಲಕ್ಕಿಂತ ಆಗಿಬರದ ಓಡಾಟ ಅದೇ! ಹದಿನೈದು ವರ್ಷ ಹತ್ತಿರದ ಕಾಫಿ ಅಂಗಡಿಗೆ ಹೋಗಿ ಬಂದ 40 ಸಾವಿರ ಕಿಲೋಮೀಟರಿನ ಕಾರಿಗಿಂತ, ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಓಡಿ ಪ್ರತಿ ವರ್ಷ ಆಯಿಲ್ ಬದಲಾದ ಕಾರನ್ನೇ ನಾವು ಮೊದಲು ನೋಡಲು ಹೋಗುತ್ತೇವೆ.

ಇನ್ನು ಟೈಂ ಬಾಂಬ್ ಫಾರ್ವರ್ಡ್. ಈ ಬೇರಿಂಗ್ ಬಗ್ಗೆ ಅಮೆರಿಕದಲ್ಲಿ ಮಾಲೀಕರು ಹೂಡಿದ ಮೊಕದ್ದಮೆ 2013ರಲ್ಲಿ ರಾಜಿಯಾಯಿತು, ಅಂದರೆ ಸಮಸ್ಯೆ ಕಟ್ಟುಕಥೆಯಲ್ಲ. ಅದು ಮುಖ್ಯವಾಗಿ 2001ರಿಂದ 2005ರವರೆಗಿನ ಕಾರುಗಳದ್ದು. ಅವುಗಳಲ್ಲಿ ಗುಂಡುಗಳು ಒಂದೇ ಸಾಲಿನಲ್ಲಿರುವ ಸಣ್ಣ ಬೇರಿಂಗ್ ಇತ್ತು. ಆ ಪ್ರಕರಣದಲ್ಲಿ ಬಂದ ಅಂದಾಜಿನಲ್ಲೂ ಕೆಟ್ಟವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆರಂಭದ ವರ್ಷಗಳ ಎರಡು ಸಾಲಿನ ಬೇರಿಂಗ್‌ನಲ್ಲಿ ಕೆಟ್ಟದ್ದು ಇನ್ನೂ ಕಡಿಮೆ. ಅದೇ ಕಾಲದ 911 ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ ಬೇರೆಯೇ, ಅವಕ್ಕೆ ಈ ಕಾಟವಿಲ್ಲ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ನಡುವಿನ ಶಾಫ್ಟನ್ನೇ ತೆಗೆದುಹಾಕಿದ್ದಾರೆ. ಎಂಜಿನ್ ಒಡೆದವನು ಫೋಟೋ ಹಾಕುತ್ತಾನೆ, ಏನೂ ಆಗದವನು ಸುಮ್ಮನೆ ಕಾರು ಓಡಿಸುತ್ತಿರುತ್ತಾನೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದೆಲ್ಲ ಒಡೆದ ಎಂಜಿನ್ನುಗಳೇ.

ಕೊಳ್ಳುವ ಮುಂಚೆ ತಿಳಿಯುವುದು ಹೇಗೆ? ಆಯಿಲ್ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿನಲ್ಲಿ ನೋಡಬೇಕು. ಮಿನುಗುವ ಚೂರುಗಳಿದ್ದು, ಅವು ಅಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು. ಬೇರಿಂಗ್ ಸವೆಯುತ್ತಿರಬಹುದು ಎಂದು ಎಚ್ಚರಗೊಳ್ಳಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ತೊಟ್ಟಿದ್ದರೆ ಮಾತ್ರ ತಕ್ಷಣ ಹೆದರಬೇಕಿಲ್ಲ. ಬಹಳ ಸಲ ಅದು ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್‌ನ ಸೋರಿಕೆ. ಬೇರಿಂಗನ್ನು ಮೊದಲೇ ಬದಲಿಸಿದ್ದರೆ ರಸೀದಿ ಕೇಳಿ, ಬಾಯಿಮಾತು ನಂಬಬೇಡಿ. ಬದಲಿಸಿಲ್ಲದಿದ್ದರೆ ಕ್ಲಚ್ ಹಾಕಿಸುವಾಗ ಮಾಡಿಸುವುದು ಲಾಭ. ಎರಡಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು, ಕೂಲಿ ಒಂದೇ ಸಲ ಬೀಳುತ್ತದೆ. ಆದರೆ 2005ರ ಸುಮಾರಿಗೆ ಬಂದ ದೊಡ್ಡ ಬೇರಿಂಗ್ ಹೆಚ್ಚು ಗಟ್ಟಿಯಾದರೂ, ಎಂಜಿನ್ ಪೂರ್ತಿ ಬಿಚ್ಚದೆ ಹೊರಗೆ ಬರುವುದಿಲ್ಲ.

ಈ ಮಾತು ಎಲ್ಲ ಸ್ಪೋರ್ಟ್ಸ್ ಕಾರಿಗೂ ಹಾಗೇ ಅನ್ವಯಿಸುವುದಿಲ್ಲ. ಮಾಜ್ದಾ ಆರ್‌ಎಕ್ಸ್-8 ಆಯಿಲ್ ಕುಡಿಯುತ್ತದೆ ಎಂದು ದೂರುತ್ತಾರೆ. ಅದರ ರೋಟರಿ ಎಂಜಿನ್ನಿನ ಸೀಲ್‌ಗಳಿಗೆ ಜಾರುವಿಕೆ ಬೇಕೆಂದು ಕಂಪನಿಯೇ ಸ್ವಲ್ಪ ಆಯಿಲ್ ಒಳಗೆ ಬಿಡುವಂತೆ ಮಾಡಿದೆ. ಅಲ್ಲಿ ನೋಡಬೇಕಾದದ್ದು ಕಂಪ್ರೆಷನ್.

ಭಾರತಕ್ಕೆ ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ಆಮದು ಮಾಡುವಂತಿಲ್ಲ. ಹಾಗಾಗಿ ಅಮೆರಿಕದ ಅಗ್ಗದ ಬಾಕ್ಸ್‌ಟರ್ ಬೆಂಗಳೂರಿಗೆ ಬಂದಿಳಿಯುವ ಕನಸು ಬೇಡ. ಇಲ್ಲೇ ಮಾರಾಟಕ್ಕಿರುವ ಹಳೇ ಪೋರ್ಷೆಗೂ ಉಪಯೋಗಕ್ಕೆ ಬರುವ ಒಂದು ಲೆಕ್ಕ ಇದೆ. ಕಾರಿನ ಕಂಪ್ಯೂಟರ್ ಎಂಜಿನ್ ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಮಿತಿ ಮೀರಿ ತಿರುಗಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಪೋರ್ಷೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಅದನ್ನು ಓದಬಲ್ಲರು. ಮೀಟರಿನ ಕಿಲೋಮೀಟರನ್ನು ಆ ಗಂಟೆಗಳಿಂದ ಭಾಗಿಸಿ. 60 ಸಾವಿರ ಕಿಲೋಮೀಟರಿಗೆ 1,200 ಗಂಟೆ ಇದ್ದರೆ ಸರಾಸರಿ ವೇಗ ಗಂಟೆಗೆ 50 ಕಿಲೋಮೀಟರ್, ನಂಬಬಹುದು. ಅದೇ 60 ಸಾವಿರಕ್ಕೆ 3,000 ಗಂಟೆ ಎಂದಿದ್ದರೆ ಸರಾಸರಿ 20. ಒಂದೋ ಕಾರು ಜೀವಮಾನವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿತ್ತು, ಇಲ್ಲವೇ ಮೀಟರ್ ಹಿಂದಕ್ಕೆ ತಿರುಗಿದೆ.